ತೋಟಾ ಕೇಳಿ ಕೋವಿ ಕೊಳ್ಳಿ

ಬೆಳೆಗಾರ ಬಾಂಧವರಲ್ಲಿ ಕೋವಿಯ ಮಾತು ಬಂದಾಗಲೆಲ್ಲ ಮೊದಲು ಹೊರಡುವ ಪ್ರಶ್ನೆ ಬೆಲೆಯದು. ಎರಡನೆಯದು ನಳಿಗೆಯ ಸ್ಥಿತಿ ಹೇಗಿದೆ ಎಂಬುದು. ಮೂರನೆಯದು ಯಾವ ಕಂಪೆನಿಯದು ಎಂಬುದು. ಆ ಕೋವಿಗೆ ಯಾವ ತೋಟಾ ಹಾಕಬೇಕು, ಆ ತೋಟಾ ಎಲ್ಲಿ ಸಿಗುತ್ತದೆ, ಕಾನೂನು ಅದನ್ನು ಒಪ್ಪುತ್ತದೆಯೇ ಎಂಬ ಪ್ರಶ್ನೆಗಳು ಕೊನೆಗೆ ಬರುತ್ತವೆ. ಅನೇಕ ವೇಳೆ ಬರುವುದೇ ಇಲ್ಲ. ಈ ಕ್ರಮ ತಲೆಕೆಳಗಾಗಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಮೊದಲು ತೋಟಾ, ಆಮೇಲೆ ಕೋವಿ.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ಸದಸ್ಯರೊಬ್ಬರು ನಮ್ಮ ಸಲಹೆ ಕೇಳಿದ್ದಾರೆ. ಬಂಗಾರಪೇಟೆಯಲ್ಲಿರುವ ಅವರ ನೆಂಟರ ಮನೆಯಲ್ಲಿ ಹಿರಿಯರ ಕಾಲದ ಒಂದು ರೈಫಲ್ ಇದೆಯಂತೆ. ಆ ಹಿರಿಯರು ಕೋಲಾರ ಚಿನ್ನದ ಗಣಿಯಲ್ಲಿ ಕೆಲಸದಲ್ಲಿದ್ದವರು. ಲೈಸೆನ್ಸು ಪುಸ್ತಕದಲ್ಲಿ "೮ ಎಂ.ಎಂ. ರೈಫಲ್" ಎಂದಷ್ಟೇ ಬರೆದಿದೆ. ಬೆಲೆ ಕಡಿಮೆ, ನೆಂಟರೂ ಬೇಕಾದವರು. ತೋಟಕ್ಕೆ ನುಗ್ಗುವ ಕಾಡುಹಂದಿಗೆ ಇದು ಆದೀತೇ ಎಂಬುದು ಪ್ರಶ್ನೆ. ನಾವು ಕೇಳಿದ ಮರುಪ್ರಶ್ನೆ ಒಂದೇ: ಯಾವ ೮ ಎಂ.ಎಂ.? ಅದಕ್ಕೆ ಅವರಲ್ಲಿ ಉತ್ತರವಿರಲಿಲ್ಲ, ಮಾರುವವರಲ್ಲೂ ಇರಲಿಲ್ಲ. ಇದು ಅವರೊಬ್ಬರ ಸಮಸ್ಯೆಯಲ್ಲವಾದುದರಿಂದ ಎಲ್ಲರ ತಿಳಿವಳಿಕೆಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ಸಂಖ್ಯೆ ಒಂದೇ, ತೋಟಾ ಬೇರೆ

ಸಂಖ್ಯೆಯನ್ನು ನಂಬಿ ಮೋಸಹೋಗುವುದು ಎಂದರೇನೆಂದು ಕಾಫಿ ಬೆಳೆಗಾರನಿಗೆ ಹೇಳಿಕೊಡಬೇಕಾಗಿಲ್ಲ. ಎಸ್. ೭೯೫ ಮತ್ತು ಎಸ್. ೨೭೪ ಎರಡೂ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ತಳಿಗಳೇ. ಹೆಸರೂ ಅಕ್ಕತಂಗಿಯರ ಹಾಗಿದೆ. ಆದರೆ ಒಂದು ಅರೇಬಿಕಾ, ಇನ್ನೊಂದು ರೊಬಸ್ಟಾ. "ಎಸ್. ಕಾಫಿಯ ಗಿಡ" ಎಂದು ಹೇಳಿ ಸಸಿ ತರಿಸುವವರು ನಮ್ಮಲ್ಲಿ ಯಾರೂ ಇಲ್ಲ. ಆದರೆ "೮ ಎಂ.ಎಂ. ರೈಫಲ್" ಎಂದು ಹೇಳಿ ಕೋವಿ ಕೊಳ್ಳಲು ಹೊರಡುವವರು ಇದ್ದಾರೆ.

೮ ಎಂ.ಎಂ. ಎಂಬ ಹೆಸರಿನಲ್ಲಿ ಕನಿಷ್ಠ ನಾಲ್ಕು ಬಗೆಯ ತೋಟಾಗಳು ಬಂದಿವೆ. ಮೊದಲನೆಯದು ನಮ್ಮ ದೇಶದಲ್ಲಿ .೩೧೫ ಎಂದು ಪ್ರಸಿದ್ಧವಾದದ್ದು. ಇದು ಮೂಲತಃ ಆಸ್ಟ್ರಿಯಾ ದೇಶದ ಸೈನ್ಯದ ಮನ್‌ಲಿಷರ್ ತೋಟಾ. ಇದರ ಹಿತ್ತಾಳೆ ಕವಚದ ಉದ್ದ ೫೦ ಮಿಲಿಮೀಟರ್. ಬುಡದಲ್ಲಿ ಹೊರಚಾಚಿದ ಅಂಚು ಇದೆ. ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆಯ .೩೧೫ ಸ್ಪೋರ್ಟಿಂಗ್ ರೈಫಲ್ ಈ ತೋಟಾದ್ದು. ಎರಡನೆಯದು ಮತ್ತು ಮೂರನೆಯದು ಜರ್ಮನಿಯ ಮೌಸರ್ ತೋಟಾಗಳು. ಇವುಗಳ ಕವಚ ೫೭ ಮಿಲಿಮೀಟರ್, ಬುಡದಲ್ಲಿ ಹೊರಚಾಚಿದ ಅಂಚಿಲ್ಲ. ಇವೆರಡಕ್ಕೂ ಕವಚ ಒಂದೇ ಆದರೂ ಗುಂಡು ಬೇರೆ. ಹಳೆಯದರ ಗುಂಡಿನ ದಪ್ಪ .೩೧೮ ಇಂಚು, ೧೯೦೫ರಲ್ಲಿ ಜರ್ಮನ್ ಸೈನ್ಯ ಬದಲಾಯಿಸಿಕೊಂಡ ಹೊಸದರದು.೩೨೩ ಇಂಚು. ಹೊಸ ತೋಟಾ ಹಳೆಯ ರೈಫಲಿನಲ್ಲಿ ಸಲೀಸಾಗಿ ಕೂತುಬಿಡಬಹುದು. ಆದರೆ ದಪ್ಪ ಗುಂಡು ಸಣ್ಣ ನಳಿಗೆಯಲ್ಲಿ ತೂರಬೇಕಾಗಿ ಬಂದು ಒತ್ತಡ ಮಿತಿಮೀರುತ್ತದೆ. ನಾಲ್ಕನೆಯದು ೫೬ ಮಿಲಿಮೀಟರ್ ಕವಚದ, ಷಿಕಾರಿಗೆಂದೇ ತಯಾರಾದ ಮನ್‌ಲಿಷರ್–ಷೋನಾವರ್ ತೋಟಾ. ಎಲ್ಲವೂ ೮ ಎಂ.ಎಂ.; ಒಂದರ ಬದಲಿಗೆ ಇನ್ನೊಂದನ್ನು ಹಾಕುವಂತಿಲ್ಲ.

ಇದರಲ್ಲಿ ಇಷ್ಟೇಕೆ ಕಟ್ಟುನಿಟ್ಟು ಎಂದು ಕೇಳಬಹುದು. ಕೋವಿ ಹಾರಿದ ಕ್ಷಣದಲ್ಲಿ ಮದ್ದಿನ ಬಿಸಿಗಾಳಿಯನ್ನು ಹಿಂದಕ್ಕೆ ಬಾರದಂತೆ ತಡೆದು ಹಿಡಿಯುವುದು ತೋಟಾದ ಹಿತ್ತಾಳೆ ಕವಚ. ನಳಿಗೆಯ ಬುಡದಲ್ಲಿ ತೋಟಾ ಕೂರುವ ಮನೆಗೆ ಚೇಂಬರು ಎನ್ನುತ್ತಾರೆ. ಕವಚ ಚೇಂಬರಿಗೆ ಸರಿಯಾಗಿ ಅಪ್ಪಿಕೊಂಡಿದ್ದರೆ ಉಬ್ಬಿ ಗೋಡೆಗೆ ಅಂಟಿ ಗಾಳಿಯನ್ನು ಮುಚ್ಚುತ್ತದೆ. ಸಡಿಲವಿದ್ದರೆ ಅಥವಾ ಗಿಡ್ಡವಿದ್ದರೆ ಸೀಳುತ್ತದೆ. ಸೀಳಿದಾಗ ಆ ಗಾಳಿ ಬರುವುದು ಹಂದಿಯ ಕಡೆಗಲ್ಲ, ಹಾರಿಸಿದವನ ಕಣ್ಣಿನ ಕಡೆಗೆ.

ಹೆಸರಿನ ಸಂಖ್ಯೆ ಏಕೆ ಸುಳ್ಳಾಡುತ್ತದೆ ಎಂಬುದನ್ನೂ ತಿಳಿಯುವುದು ಒಳ್ಳೆಯದು. ರೈಫಲಿನ ನಳಿಗೆಯೊಳಗೆ ಸುರುಳಿಯಾಗಿ ಗೆರೆ ಕೊರೆದಿರುತ್ತದೆ. ಕೊರೆದ ತಗ್ಗೂ ಉಳಿದ ದಿಣ್ಣೆಯೂ ಇರುವುದರಿಂದ ಅಳತೆ ಎರಡಾಗುತ್ತದೆ. ಒಬ್ಬ ತಯಾರಕ ದಿಣ್ಣೆಯಿಂದ ದಿಣ್ಣೆಗೆ ಅಳೆದು ಹೆಸರಿಡುತ್ತಾನೆ. ಇನ್ನೊಬ್ಬ ತಗ್ಗಿನಿಂದ ತಗ್ಗಿಗೆ. .೩೦೩ರ ಗುಂಡು ನಿಜವಾಗಿ ಸುಮಾರು .೩೧೧ ಇಂಚು; .೩೧೫ರದು .೩೨೩. ಅಮೆರಿಕದ .೩೦-೦೬ ಎಂಬ ಹೆಸರಿನಲ್ಲಿ ೦೬ ಎಂಬುದು ಅಳತೆಯೇ ಅಲ್ಲ, ೧೯೦೬ನೇ ಇಸವಿ. ಅದರ ಗುಂಡು .೩೦೮ ಇಂಚು. .೩೦೮ ವಿಂಚೆಸ್ಟರ್ ಎಂಬ ತೋಟಾದ ಗುಂಡೂ .೩೦೮ ಇಂಚೇ. ಆದರೆ ಮೊದಲನೆಯದರ ಕವಚ ೬೩ ಮಿಲಿಮೀಟರ್, ಎರಡನೆಯದರದು ೫೧. ಗುಂಡು ಒಂದೇ ದಪ್ಪವೆಂದು ಗಿಡ್ಡ ತೋಟಾವನ್ನು ಉದ್ದ ಚೇಂಬರಿನಲ್ಲಿ ಹಾಕಿದರೆ ಏನಾಗುತ್ತದೆಂದು ಮೇಲೆ ಹೇಳಿದ್ದೇವೆ.

ಗಣಿಯೂರಿನ ಎರಡು ಬಗೆಯ ರೈಫಲ್

ಬಂಗಾರಪೇಟೆಯ ರೈಫಲಿನ ವಿಷಯದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಅದಕ್ಕೆ ಸ್ವಲ್ಪ ಹಿಂದಿನ ಇತಿಹಾಸ ನೋಡಬೇಕು.

೧೮೮೦ರ ದಶಕದಲ್ಲಿ ಜಾನ್ ಟೇಲರ್ ಕಂಪೆನಿ ಕೋಲಾರದ ಗಣಿಗಳನ್ನು ವಹಿಸಿಕೊಂಡ ಮೇಲೆ ಅಲ್ಲಿ ಯುರೋಪಿಯನ್ನರ ಮತ್ತು ಆಂಗ್ಲೋ-ಇಂಡಿಯನ್ನರ ದೊಡ್ಡ ಕಾಲೋನಿ ಬೆಳೆಯಿತು. ಅವರದೇ ಒಂದು ರೈಫಲ್ ಸ್ವಯಂಸೇವಕ ದಳವಿತ್ತು. ೧೯೨೦ರ ಕಾನೂನಿನ ನಂತರ ಅದು ಆಕ್ಸಿಲಿಯರಿ ಫೋರ್ಸಿನ ಕೋಲಾರ್ ಗೋಲ್ಡ್ ಫೀಲ್ಡ್ಸ್ ಬೆಟಾಲಿಯನ್ ಆಯಿತು. ೧೯೪೭ರಲ್ಲಿ ಆಕ್ಸಿಲಿಯರಿ ಫೋರ್ಸಿನೊಡನೆ ಅದೂ ಮುಗಿಯಿತು. ಇಂಥ ದಳಗಳ ರೈಫಲ್ ಸೈನ್ಯದ ರೈಫಲ್, ತೋಟಾ ಸೈನ್ಯದ ತೋಟಾ. ಅದು ಸರ್ಕಾರದ ಸ್ವತ್ತು, ಯಾರ ಮನೆಯ ಸ್ವತ್ತೂ ಅಲ್ಲ. ಷಿಕಾರಿಗೆಂದು ಸ್ವಂತಕ್ಕೆ ಇಟ್ಟುಕೊಳ್ಳುವ ರೈಫಲ್ ಬೇರೆ ಬೋರಿನದಾಗಿರಬೇಕೆಂಬುದು ಬ್ರಿಟಿಷ್ ಸರ್ಕಾರದ ನೀತಿಯಾಗಿತ್ತು. ಸೈನ್ಯದ ಉಗ್ರಾಣದಿಂದ ಕದ್ದ ತೋಟಾ ಜನರ ಕೋವಿಯಲ್ಲಿ ಕೂರಬಾರದು ಎಂಬುದು ಅದರ ಉದ್ದೇಶ.

೧೯೦೭ರಲ್ಲಿ ಇದೇ ಭಯದಿಂದ .೪೫೦ ಬೋರಿನ ರೈಫಲುಗಳನ್ನು ಭಾರತಕ್ಕೂ ಸೂಡಾನಿಗೂ ತರದಂತೆ ತಡೆದರು. ಮಾರ್ಟಿನಿ–ಹೆನ್ರಿ ಎಂಬ ಹಳೆಯ ಸೈನಿಕ ರೈಫಲಿನದೂ ಅದೇ ಬೋರ್ ಆಗಿದ್ದುದೇ ಕಾರಣ. ಇಂಗ್ಲೆಂಡಿನ ತಯಾರಕರು ಸುಮ್ಮನಿರದೆ .೪೬೫, .೪೭೦, .೪೭೫ ಎಂದು ಒಂದರ ಪಕ್ಕಕ್ಕೊಂದು ಹೊಸ ತೋಟಾ ಹೊರಡಿಸಿದರು. ಅಕ್ಕಪಕ್ಕದ ಸಂಖ್ಯೆಗಳ ಈ ಗೊಂದಲದಲ್ಲಿ ಒಂದು ಪಾಲು ಕಾನೂನಿನಿಂದ ಹುಟ್ಟಿದ್ದು. .೩೦೩ಕ್ಕೆ ಅವಕಾಶವಿಲ್ಲದ ಕಡೆ .೩೧೫ ನೆಲೆಯೂರಿದ್ದೂ ಇದೇ ದಾರಿಯಲ್ಲಿ.

ಸ್ವತಂತ್ರ ಭಾರತದ ಕಾನೂನೂ ಈ ಗೆರೆಯನ್ನು ಉಳಿಸಿಕೊಂಡಿದೆ. ೧೯೫೯ರ ಆಯುಧ ಕಾಯಿದೆ ಮತ್ತು ಈಗಿನ ೨೦೧೬ರ ನಿಯಮಗಳ ಪ್ರಕಾರ .೩೦೩ ಮತ್ತು ೭.೬೨ ಎಂ.ಎಂ. ರೈಫಲುಗಳು ನಿಷೇಧಿತ ಬೋರಿನವು. ಅಷ್ಟೇ ಅಲ್ಲ, ಆ ಸೈನಿಕ ತೋಟಾ ಕೂತು ಹಾರಬಲ್ಲ ಬೇರೆ ಯಾವುದೇ ಬೋರಿನ ರೈಫಲೂ ನಿಷೇಧಿತವೇ. .೩೦೮ ವಿಂಚೆಸ್ಟರ್ ಎಂಬುದು ಸೈನ್ಯದ ೭.೬೨ರ ಅವಳಿ, ಹೆಸರು ಬೇರೆ ಎಂದ ಮಾತ್ರಕ್ಕೆ ಪಾರಾಗುವುದಿಲ್ಲ. .೩೦-೦೬ನ್ನಾದರೋ ಸರ್ಕಾರಿ ಕಾರ್ಖಾನೆಯೇ ನಾಗರಿಕರಿಗಾಗಿ ತಯಾರಿಸಿದೆ. .೪೧೦ರ ವಿಷಯವೂ ಹೀಗೆಯೇ. ಚರೆ ಹಾರಿಸುವ ಸಣ್ಣ .೪೧೦ ಕೋವಿ ಒಂದು; ಪೊಲೀಸರಿಗೂ ಕಾವಲಿನವರಿಗೂ ಕೊಡುತ್ತಿದ್ದ .೪೧೦ ಮಸ್ಕೆಟ್ ಇನ್ನೊಂದು. ಎರಡನೆಯದು ನಿಷೇಧಿತ. ೨೦೧೯ರ ತಿದ್ದುಪಡಿಯ ನಂತರ ನಿಷೇಧಿತ ಆಯುಧವನ್ನು ಅಕ್ರಮವಾಗಿ ಇಟ್ಟುಕೊಂಡವರಿಗೆ ಕನಿಷ್ಠ ೭ ವರ್ಷ, ಹೆಚ್ಚೆಂದರೆ ೧೪ ವರ್ಷ ಶಿಕ್ಷೆ. ಮೂರು ಎಕರೆ ತೋಟದ ಒಡೆಯನೊಬ್ಬ ನೆಂಟರ ಮಾತು ನಂಬಿ ಒಂದು ಸಂಖ್ಯೆ ತಪ್ಪಿದರೆ ತೆರಬೇಕಾದ ಬೆಲೆ ಇದು.

ಜೋಡು ನಳಿಗೆಯವರೂ ಕೇಳಬೇಕು

ನಮ್ಮಲ್ಲಿ ರೈಫಲ್ ಇರುವವರು ಕೆಲವರೇ. ಹನ್ನೆರಡು ಬೋರಿನ ಕೋವಿ ಇರುವವರೇ ಹೆಚ್ಚು. ಈ ಮಾತುಗಳೆಲ್ಲ ರೈಫಲಿನವರಿಗೆ, ನಮಗಲ್ಲ ಎಂದು ಅವರು ಪುಟ ಮಗುಚಬಾರದು.

ಹನ್ನೆರಡು ಬೋರ್ ಎಂದರೆ ನಳಿಗೆಯ ತೂತಿನ ಅಳತೆ ಮಾತ್ರ. ಒಂದು ಪೌಂಡು ಸೀಸದಲ್ಲಿ ಹನ್ನೆರಡು ಸಮ ಗುಂಡು ಮಾಡಿದರೆ ಒಂದೊಂದು ಎಷ್ಟು ದಪ್ಪವೋ ಅಷ್ಟು. ಚೇಂಬರಿನ ಉದ್ದವನ್ನು ಅದು ಹೇಳುವುದಿಲ್ಲ. ಹಳೆಯ ಇಂಗ್ಲಿಷ್ ಕೋವಿಗಳ ಚೇಂಬರು ಸಾಮಾನ್ಯವಾಗಿ ಎರಡೂವರೆ ಇಂಚು, ಎಂದರೆ ೬೫ ಮಿಲಿಮೀಟರ್. ಆಮೇಲಿನವು ೭೦, ಕೆಲವು ೭೬. ಇಲ್ಲಿ ಕಣ್ಣಿಗೆ ಕಾಣದ ಅಪಾಯವೊಂದಿದೆ. ತೋಟಾದ ಪೆಟ್ಟಿಗೆಯ ಮೇಲೆ ಬರೆದ ೭೦ ಎಂಬುದು ಹಾರಿಸಿ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಬಾಯಿ ಮಡಚಿರುವಾಗ ತೋಟಾ ಅದಕ್ಕಿಂತ ಗಿಡ್ಡ. ಆದುದರಿಂದ ೭೦ರ ತೋಟಾ ೬೫ರ ಚೇಂಬರಿನಲ್ಲಿ ಸುಲಭವಾಗಿ ಕೂರುತ್ತದೆ, ಕೋವಿಯೂ ಮುಚ್ಚಿಕೊಳ್ಳುತ್ತದೆ. ಹಾರಿಸಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಮುಂದಿನ ಇಕ್ಕಟ್ಟಿಗೆ ತುರುಕಿಕೊಳ್ಳುತ್ತದೆ, ಒತ್ತಡ ಏರುತ್ತದೆ. "ಕೂತಿತಲ್ಲ, ಹಾಗಾದರೆ ಸರಿ" ಎಂಬ ನಂಬಿಕೆಯನ್ನು ನಮ್ಮವರು ಮೊದಲು ಬಿಡಬೇಕು.

ಇದಕ್ಕಿಂತ ಘೋರವಾದದ್ದು ಇಪ್ಪತ್ತು ಬೋರಿನ ತೋಟಾ ಹನ್ನೆರಡರ ಕೋವಿಗೆ ಬೀಳುವುದು. ಬೋರಿನ ಸಂಖ್ಯೆ ದೊಡ್ಡದಾದಷ್ಟೂ ತೋಟಾ ಸಣ್ಣದು ಎಂಬುದನ್ನು ನೆನಪಿಡಬೇಕು. ಇಪ್ಪತ್ತರ ತೋಟಾ ಹನ್ನೆರಡರ ಚೇಂಬರಿನಲ್ಲಿ ನಿಲ್ಲದೆ ಒಳಗೆ ಜಾರಿ ನಳಿಗೆಯ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕತ್ತಲೆಯಲ್ಲಿ ಕೋವಿ ಖಾಲಿಯಿದೆಯೆಂದು ಅದರ ಹಿಂದೆ ಹನ್ನೆರಡರ ತೋಟಾ ಹಾಕಿ ಹಾರಿಸಿದರೆ ನಳಿಗೆ ಒಡೆದು ಎಡಗೈ ಹೋಗುತ್ತದೆ. ಎರಡು ಬೋರಿನ ಕೋವಿ ಇರುವ ಮನೆಯಲ್ಲಿ ತೋಟಾಗಳನ್ನು ಒಂದೇ ಚೀಲದಲ್ಲಿ ಇಡಲೇಬಾರದು. ಕೆಲಸದವರ ಕೈಯಲ್ಲಿ ಚೀಲ ಕೊಟ್ಟು ತರಿಸುವ ಅಭ್ಯಾಸವೂ ಒಳ್ಳೆಯದಲ್ಲ.

ತೋಟಾ ಸಿಗುವುದೆಲ್ಲಿ?

ಕೆನೆತ್ ಆಂಡರ್ಸನ್ನರ ಬೇಟೆಯ ಕಥೆಗಳನ್ನು ತೇಜಸ್ವಿಯವರ ಕನ್ನಡದಲ್ಲಿ ಓದದ ಮಲೆನಾಡಿನ ಮನೆ ಅಪರೂಪ. ಬೆಂಗಳೂರಿನ ಆಂಡರ್ಸನ್ನರು ಹಿಡಿದದ್ದು .೪೦೫ ವಿಂಚೆಸ್ಟರ್. ಅದನ್ನು ಓದಿ ಅಂಥದೇ ರೈಫಲ್ ಬೇಕೆಂದು ಆಸೆಪಡುವವರಿದ್ದಾರೆ. ಆದರೆ .೪೦೫ರ ತೋಟಾ ಅದನ್ನು ಹುಟ್ಟಿಸಿದ ಅಮೆರಿಕದಲ್ಲಿಯೇ ದಶಕಗಳ ಕಾಲ ತಯಾರಾಗದೆ ನಿಂತಿತ್ತು. ತೋಟಾ ಇಲ್ಲದ ರೈಫಲ್ ಗೋಡೆಗೆ ಅಲಂಕಾರ, ಲೈಸೆನ್ಸಿಗೆ ಭಾರ. ಅಂಥ ಹಳೆಯ ವಿಲಾಯತಿ ರೈಫಲ್ ಕೊಂಡವರು ಕೊನೆಗೆ "ಹತ್ತಿರದ ಸೈಜಿನ" ತೋಟಾ ಹುಡುಕಲು ಹೊರಡುತ್ತಾರೆ. ಅನಾಹುತದ ಬಾಗಿಲು ತೆರೆಯುವುದು ಅಲ್ಲಿಂದ. ಪುಣೆಯ ಖಡ್ಕಿ ಕಾರ್ಖಾನೆಯ ಹನ್ನೆರಡು ಬೋರಿನ ತೋಟಾದಂತೆ ನಮ್ಮ ದೇಶದಲ್ಲೇ ತಯಾರಾಗುವ ತೋಟಾದ ಕೋವಿಯೇ ಸಣ್ಣ ಬೆಳೆಗಾರನಿಗೆ ಕ್ಷೇಮ.

ರೈಫಲ್ ಬೇಕೇ?

ಈಗ ಮೂಲ ಪ್ರಶ್ನೆಗೆ ಬರೋಣ. ರೈಫಲ್ ಪಕ್ಷದವರ ವಾದವನ್ನೂ ಕೇಳಬೇಕು. ಚರೆಯ ಏಟು ಹಂದಿಯನ್ನು ಗಾಯಗೊಳಿಸಿ ಓಡಿಸುತ್ತದೆ, ಗಾಯದ ಹಂದಿ ಮಾರನೆಯ ದಿನ ಸೊಪ್ಪು ತರುವವಳ ಮೇಲೆ ಬೀಳುತ್ತದೆ, ರೈಫಲಾದರೆ ಒಂದೇ ಏಟಿಗೆ ಮುಗಿಯುತ್ತದೆ ಎನ್ನುತ್ತಾರೆ. ಇದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ತಪ್ಪಿದ ಗುಂಡು ಎಲ್ಲಿ ಹೋಗಿ ಬೀಳುತ್ತದೆ ಎಂಬುದಕ್ಕೆ ಅವರಲ್ಲಿ ಉತ್ತರವಿಲ್ಲ. ನಾಲ್ಕನೇ ನಂಬರಿನ ಚರೆ ಸುಮಾರು ಮುನ್ನೂರು ಗಜದೊಳಗೆ ನೆಲ ಸೇರುತ್ತದೆ. ಮಕ್ಕಳ ಆಟಿಕೆಯಂತೆ ಕಾಣುವ .೨೨ ರೈಫಲಿನ ಗುಂಡು ಒಂದೂವರೆ ಮೈಲಿ ಹೋಗಬಲ್ಲದು. .೩೦-೦೬ರದು ಮೂರು ಮೈಲಿ. ನಮ್ಮ ತೋಟಗಳ ಅಗಲ ಎಷ್ಟು? ಎರಡು ಫರ್ಲಾಂಗಿನೊಳಗೆ ಪಕ್ಕದವರ ಲೈನುಮನೆ, ಮೂರು ಫರ್ಲಾಂಗಿಗೆ ಶಾಲೆ, ನಡುವೆ ಬಸ್ಸಿನ ರಸ್ತೆ. ದೊಡ್ಡ ಎಸ್ಟೇಟಿನ ಗುಡ್ಡದ ಮರೆಯಲ್ಲಿ ನಡೆಯಬಹುದಾದದ್ದು ನಮ್ಮ ಅಡಿಕೆ ತೋಟದ ಸಮತಟ್ಟಿನಲ್ಲಿ ನಡೆಯುವುದಿಲ್ಲ.

ಕಾನೂನಿನ ಮನಸ್ಸೂ ಇದೇ. ಆಯುಧ ಕಾಯಿದೆಯ ೧೩ನೇ ಕಲಮು ಬೆಳೆ ರಕ್ಷಣೆಗೆ ಹೇಳುವುದು ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಗೆರೆಯಿಲ್ಲದ ನಯ ನಳಿಗೆಯ ಬೇರೆ ಕೋವಿಯನ್ನು. ರೈಫಲಿನ ಹೆಸರು ಆ ಮಾತಿನಲ್ಲಿ ಇಲ್ಲ. ಇನ್ನು ಕೋವಿ ಇದ್ದ ಮಾತ್ರಕ್ಕೆ ಪ್ರಾಣಿಗೆ ಹೊಡೆಯುವ ಹಕ್ಕು ಬರುವುದಿಲ್ಲ. ೧೯೭೨ರ ವನ್ಯಜೀವಿ ಕಾಯಿದೆಯಡಿ, ಬೆಳೆ ಹಾಳುಮಾಡುವ ಹಂದಿಗೂ ಅರಣ್ಯ ಇಲಾಖೆಯ ಅಧಿಕೃತರ ಲಿಖಿತ ಅನುಮತಿ ಬೇಕು.

ಆನೆಯ ವಿಷಯ ಹೇಳಲೇಬೇಕಾದುದರಿಂದ ಒಂದು ಮಾತು. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆ ತಮಿಳುನಾಡಿನ ಗಡಿ ಕಾಡಿನಿಂದ ಆನೆಗಳು ಇಳಿದು ರಾಗಿ, ಟೊಮ್ಯಾಟೊ ತುಳಿಯುವುದು, ಜನರ ಪ್ರಾಣ ಹೋಗುವುದು ನಮ್ಮ ಸಕಲೇಶಪುರ, ಕೊಡಗಿನವರಿಗೆ ಹೊಸ ಕಥೆಯಲ್ಲ. ಅಲ್ಲಿನವರ ಕಷ್ಟ ನಮ್ಮದೇ ಕಷ್ಟ. ಆದರೆ ಆನೆಗೆ ಕೋವಿ ಉತ್ತರವಲ್ಲ. ಎಲ್.ಜಿ. ಚರೆಯೂ .೩೧೫ರ ಗುಂಡೂ ಆನೆಯನ್ನು ಗಾಯಗೊಳಿಸಿ ಊರಿಗೇ ಶತ್ರುವಾಗಿಸುತ್ತವೆ, ಹೊಡೆದವನನ್ನು ಜೈಲಿಗೆ ಕಳಿಸುತ್ತವೆ. ಅದಕ್ಕೆ ಕಂದಕ, ಬೇಲಿ, ಮುನ್ಸೂಚನೆ, ಸಕಾಲದ ಪರಿಹಾರ ಬೇಕು. ಅದಕ್ಕಾಗಿ ಹೋರಾಡೋಣ, ರೈಫಲಿಗಾಗಿ ಅಲ್ಲ.

ಕೊಳ್ಳುವ ಮೊದಲು

ಹೀಗಿದ್ದೂ ಕೋವಿ ಕೊಳ್ಳಲೇಬೇಕಾದವರು, ಅದು ಯಾವುದೇ ಆಗಿರಲಿ, ಮುಂಗಡ ಕೊಡುವ ಮೊದಲು ಈ ಐದು ವಿಚಾರಗಳನ್ನು ಖಚಿತಪಡಿಸಿಕೊಳ್ಳಬೇಕು.

೧. ತೋಟಾದ ಪೂರ್ತಿ ಹೆಸರೇನು? ಬೋರ್ ಮಾತ್ರ ಸಾಲದು. ಕವಚದ ಉದ್ದ, ಅಂಚು ಉಂಟೋ ಇಲ್ಲವೋ, ಎಲ್ಲ ತಿಳಿಯಬೇಕು. ಹನ್ನೆರಡು ಬೋರಾದರೆ ಚೇಂಬರಿನ ಉದ್ದ ೬೫ ಅಥವಾ ೭೦ ಎಂಬುದು ಗೊತ್ತಿರಬೇಕು.

೨. ನಳಿಗೆಯ ಮೇಲೆ ಕೊರೆದಿರುವ ಗುರುತು, ಲೈಸೆನ್ಸಿನಲ್ಲಿ ಬರೆದಿರುವುದು, ಮಾರುವವರು ಕೊಡುವ ತೋಟಾದ ಬುಡದ ಗುರುತು, ಈ ಮೂರೂ ಒಂದಕ್ಕೊಂದು ಹೊಂದುತ್ತವೆಯೇ? ಒಂದು ಹೊಂದದಿದ್ದರೂ ವ್ಯವಹಾರ ನಿಲ್ಲಿಸಿ.

೩. ಲೈಸೆನ್ಸುಳ್ಳ ಕೋವಿ ರಿಪೇರಿಯವರು ಚೇಂಬರನ್ನು ಅಳೆದು ನೋಡಿದ್ದಾರೆಯೇ? ಹಳೆಯ ಕೋವಿಗಳ ಚೇಂಬರನ್ನು ಹಿಂದಿನವರು ಕೊರೆಸಿ ಬದಲಾಯಿಸಿರಬಹುದು. ಹಾಗಿದ್ದರೆ ನಳಿಗೆಯ ಗುರುತೂ ಸುಳ್ಳಾಗುತ್ತದೆ. ತೋಟಾ ಹಾಕಿ ಹಾರಿಸಿ ನೋಡುವುದು ಪರೀಕ್ಷೆಯಲ್ಲ.

೪. ಆ ತೋಟಾ ನಮ್ಮ ಜಿಲ್ಲೆಯ ಅಂಗಡಿಯಲ್ಲಿ ಈಗ ಇದೆಯೇ? "ತರಿಸಿಕೊಡುತ್ತೇವೆ" ಎಂಬ ಮಾತು ಉತ್ತರವಲ್ಲ.

೫. ಕಾಗದಪತ್ರ ಸರಿಯಿದೆಯೇ? ಕೊಳ್ಳುವವರಿಗೆ ಮೊದಲು ಲೈಸೆನ್ಸು ಬೇಕು. ಮಾರುವವರು ಜಿಲ್ಲಾಧಿಕಾರಿಗಳಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತವಾಗಿ ತಿಳಿಸಿ ೪೫ ದಿನ ಕಾಯಬೇಕು. ಹಿರಿಯರು ತೀರಿಕೊಂಡಿದ್ದರೆ ಅವರ ಲೈಸೆನ್ಸು ಮಕ್ಕಳಿಗೆ ತಾನಾಗಿ ಬರುವುದಿಲ್ಲ.

ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ವಿನಾಯಿತಿಯನ್ನು ೨೦೨೯ರ ಅಕ್ಟೋಬರ್ ಕೊನೆಯವರೆಗೆ ವಿಸ್ತರಿಸಲಾಗಿದೆ. ಆದರೆ ಚೇಂಬರಿನ ಉದ್ದ ಯಾರಿಗೂ ವಿನಾಯಿತಿ ಕೊಡುವುದಿಲ್ಲ. ಅವರೂ ಇದನ್ನು ಓದಬೇಕೆಂದು ವಿನಂತಿ.

ಸಂಘದ ಮುಂದೆ ಎರಡು ಸೂಚನೆಗಳನ್ನು ಇಡುತ್ತಿದ್ದೇವೆ. ವರ್ಷಕ್ಕೊಮ್ಮೆ, ಅಡಿಕೆ ಕೊಯ್ಲಿಗೆ ಮುಂಚೆ, ಲೈಸೆನ್ಸುಳ್ಳ ರಿಪೇರಿಯವರನ್ನು ಕರೆಸಿ ಸದಸ್ಯರ ಕೋವಿಗಳ ಚೇಂಬರು ಅಳೆಸಿ ಚೀಟಿ ಬರೆಸಿ ಕೊಡುವ ಏರ್ಪಾಡು ಆಗಬೇಕು. ಇದಕ್ಕೆ ಪೊಲೀಸ್ ಇಲಾಖೆಯ ಅನುಮತಿ ಪಡೆಯುವ ಹೊಣೆ ಆಡಳಿತ ಮಂಡಳಿಯದು. ಎರಡನೆಯದಾಗಿ, ಲೈಸೆನ್ಸು ಪುಸ್ತಕದಲ್ಲಿ ಬೋರಿನ ಜೊತೆಗೆ ತೋಟಾದ ಪೂರ್ತಿ ಹೆಸರು ಮತ್ತು ಚೇಂಬರಿನ ಉದ್ದ ಬರೆಯುವಂತೆ ಜಿಲ್ಲಾಧಿಕಾರಿಗಳಿಗೆ ಮನವಿ ಸಲ್ಲಿಸಬೇಕು. ಖರ್ಚಿಲ್ಲದ ಕೆಲಸ, ಒಂದು ಕಣ್ಣು ಉಳಿದರೂ ಸಾರ್ಥಕ.

ಬಂಗಾರಪೇಟೆಯ ರೈಫಲಿನ ಬಗ್ಗೆ ಕೇಳಿದ ಸದಸ್ಯರಿಗೆ ನಮ್ಮ ಉತ್ತರ ಇಷ್ಟೇ: ಅದು ಯಾವ ೮ ಎಂ.ಎಂ. ಎಂದು ತಿಳಿದವರು ಅಳೆದು ಬರೆದುಕೊಡುವವರೆಗೆ ಕೊಳ್ಳಬೇಡಿ. ಅಳೆದು .೩೧೫ ಎಂದೇ ತೀರ್ಮಾನವಾದರೂ ನಿಮ್ಮ ನಾಲ್ಕು ಎಕರೆಗೆ ಅದು ತಕ್ಕದ್ದಲ್ಲ. ಆ ಹಣಕ್ಕೆ ಬೇಲಿ ಹಾಕಿಸಿ.